ಹೊಸಬನಿಗೆ ಉದ್ರಿ ಕೊಟ್ಟವರು: ಮಂಗಳೂರಿನ ಬಿನ್ ಯಿಜು

ಪರವೂರಿನಿಂದ ಬಂದ ಹೊಸಬನಿಗೆ ಉದ್ರಿ ಕೊಡೋರು ಯಾರು? ಗಲ್ಫ್‌ಗೆ ಹೋದ ನಮ್ಮ ಮಕ್ಕಳಿಗೆ ಮೊದಲು ಎದುರಾಗುವ ಕಷ್ಟ ಇದು. ಸುಮಾರು 900 ವರ್ಷಗಳ ಹಿಂದೆ ಇದೇ ಕಷ್ಟ ಹೊತ್ತು, ಅದೇ ಕಡಲನ್ನು ಎದುರು ದಿಕ್ಕಿನಿಂದ ದಾಟಿ, ನಮ್ಮ ಮಂಗಳೂರಿಗೆ ಬಂದವರು ಅಬ್ರಹಾಂ ಬಿನ್ ಯಿಜು.

ಅವರು ಟ್ಯುನೀಷ್ಯಾದ ಮಹ್ದಿಯ್ಯಾದ ಯಹೂದಿ. ಮೊದಲು ಯೆಮನ್‌ನ ಏಡನ್‌ಗೆ ಹೋದರು. ಅಲ್ಲಿನ ವರ್ತಕರ ಮುಖ್ಯಸ್ಥ ಮದ್ಮೂನ್ ಬಿನ್ ಹಸನ್ ಕೈಹಿಡಿದರು. ಮಂಗಳೂರಿಗೆ ಬಂದ್ಮೇಲೂ ಆ ಒಂದು ಹೆಸರೇ ಅವರ ಬಂಡವಾಳ. ಇಲ್ಲಿಂದ ಕರಿಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಹೋಗೋದು. ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರೋದು. ಏಡನ್‌ನವರು ಒಡೆದ ತಾಮ್ರದ ಪಾತ್ರೆ ಕಳಿಸಿದರೆ, ಅವರ ಕಮ್ಮಟದಲ್ಲಿ ಹೊಸ ಪಾತ್ರೆಯಾಗಿ ಮರಳುತ್ತಿತ್ತು. ಕೋರ್ಟು ಕಚೇರಿ ಕಡಲಾಚೆ. ಪರಸ್ಪರರ ಮಾಲು ಮಾರಿಕೊಡೋದು, ಲೆಕ್ಕ ಬರೆದು ಕಳಿಸೋದು, ಇಷ್ಟರ ಮೇಲೆ ವ್ಯವಹಾರ ನಡೆಯಿತು. ಸಿರಾಫ್‌ನ ಮುಸ್ಲಿಂ ಹಡಗುದಾರ ರಾಮಿಷ್ತ್, ಸೆಟ್ಟಿಗಳು, ಬನಿಯಾಗಳು, ಎಲ್ಲರ ಹೆಸರೂ ಆ ಕಾಗದಗಳಲ್ಲಿವೆ.

ಎಡವಟ್ಟೂ ಆಯಿತು. ಒಬ್ಬ ದಲ್ಲಾಳಿ ಏಲಕ್ಕಿಗೆಂದು ಮುಂಗಡ ತಗೊಂಡು ಮಾಲು ಕೊಡಲಿಲ್ಲ. ಮುಂಗಡವೋ ಏಡನ್‌ನ ಪಾಲುದಾರರದ್ದು. ಅವರು ಸುಮ್ಮನಿರುತ್ತಾರೆಯೇ? ಕಾಗದದ ಮೇಲೆ ಕಾಗದ ಬಂತು. ಇನ್ನೊಮ್ಮೆ ಕಬ್ಬಿಣ ಹೊತ್ತ ಹಡಗು ಏಡನ್ ಕಡೆಯ ಕಡಲಲ್ಲಿ ಮುಳುಗಿತು. ಮುಳುಗುಗಾರರು ಅರ್ಧದಷ್ಟು ಕಬ್ಬಿಣ ಮೇಲೆತ್ತಿದರು, ಮೆಣಸು ಹೋಯಿತು. ಆದರೂ ಮಾಲು ಕಳಿಸೋದು ನಿಲ್ಲಲಿಲ್ಲ. ನಮ್ಮ ಲೆಕ್ಕದಲ್ಲಿ ಪತ್ತು ಅಂದರೆ ಇದೇ.

ಮನೆಯೂ ಇಲ್ಲೇ ಕಟ್ಟಿದರು. 1132ರ ಅಕ್ಟೋಬರ್ 17ರಂದು ಆಶು ಎಂಬ ಹೆಣ್ಣಾಳಿಗೆ ಮಂಗಳೂರಿನಲ್ಲೇ ಬಿಡುಗಡೆ ಪತ್ರ ಬರೆದುಕೊಟ್ಟರು. ಅವಳೇ ಮಕ್ಕಳ ತಾಯಿ. ಅವಳು ನಾಯರ್ ಮನೆತನದವಳೆಂದು ವಿದ್ವಾಂಸರ ಊಹೆ. ಬೊಮ್ಮ ಎಂಬ ತುಳುನಾಡಿನ ಗುಲಾಮ ತಿಂಗಳಿಗೆ 2 ದಿನಾರ್ ಪಡೆದು ಏಡನ್‌ಗೆ ಹೋಗಿ ಬರುತ್ತಿದ್ದ. ಅಲ್ಲಿ ಕುಡಿದು ಹಣ ಹಾಳು ಮಾಡಿದನೆಂದು ಮದ್ಮೂನ್ ದೂರಿದ್ದರು. ಕಾಲಾಂತರದಲ್ಲಿ ಅವನೂ ಶೇಖ್ ಬೊಮ್ಮ ಎನಿಸಿಕೊಂಡ. (ಆ ಹೆಸರು ಹಗರಿಬೊಮ್ಮನಹಳ್ಳಿಯ ಕಡೆಯವರಿಗೆ ಹೊಸದೇನಲ್ಲ.) ಹೀಬ್ರೂ ಲಿಪಿಯಲ್ಲಿ ಬರೆದ ಅರಬಿಯಲ್ಲಿ ಕೇವಲ ಮೂರಕ್ಷರವಾಗಿ ಉಳಿದಿದ್ದ ಆ ಹೆಸರನ್ನು ಬೊಮ್ಮ ಎಂದು ಓದಲು ಅಮಿತಾವ್ ಘೋಷ್ ಅವರಿಗೆ ನಮ್ಮ ಬಿ.ಎ. ವಿವೇಕ ರೈ ನೆರವಾದರು.

1148ರಲ್ಲಿ ಸಿಸಿಲಿಯ ನಾರ್ಮನ್ನರು ಮಹ್ದಿಯ್ಯಾವನ್ನು ಹಿಡಿದರು, ಅಣ್ಣತಮ್ಮಂದಿರು ದಿಕ್ಕುಪಾಲಾದರು. ಮರುವರ್ಷ ಬಿನ್ ಯಿಜು ಮಕ್ಕಳನ್ನು ಕರಕೊಂಡು ಏಡನ್‌ಗೆ ಮರಳಿದರು. ಅಲ್ಲಿ ಒಬ್ಬ ಮಗ ತೀರಿಕೊಂಡ. 1156ರಲ್ಲಿ ಮಂಗಳೂರಲ್ಲಿ ಬೆಳೆದ ಮಗಳನ್ನು ಈಜಿಪ್ಟಿನ ಫುಸ್ತಾತ್‌ನಲ್ಲಿ ಸೋದರನ ಮಗನಿಗೆ ಮದುವೆ ಮಾಡಿಕೊಟ್ಟರು. ಆಶುವಿನ ಹೆಸರು ಆಮೇಲಿನ ಕಾಗದಗಳಲ್ಲಿ ಕಾಣದು.