ಪ್ಯಾಟ್ರಿಕ್ ಗೆಡ್ಡೆಸ್

ಸರ್ ಪ್ಯಾಟ್ರಿಕ್ ಗೆಡ್ಡೆಸ್ (ಅಕ್ಟೋಬರ್ 2, 1854 – ಏಪ್ರಿಲ್ 17, 1932) ಸ್ಕಾಟ್ಲೆಂಡಿನ ಜೀವವಿಜ್ಞಾನಿ, ಸಮಾಜಶಾಸ್ತ್ರಜ್ಞ ಹಾಗೂ ಆಧುನಿಕ ನಗರ ಯೋಜನಾ ಶಾಸ್ತ್ರದ ಪ್ರವರ್ತಕರಲ್ಲಿ ಒಬ್ಬರು. ನಗರವೊಂದನ್ನು ಕೆಡವಿ ಕಟ್ಟುವುದಕ್ಕೆ ಬದಲಾಗಿ, ಅಲ್ಲಿ ವಾಸಿಸುವ ಜನರೇ ಮುಂದೆ ನಿಂತು ಅದನ್ನು ಶುಚಿಗೊಳಿಸಿ, ದುರಸ್ತಿ ಮಾಡಿ, ಹಸಿರಾಗಿಸಿಕೊಳ್ಳಬೇಕು ಎಂಬ ವಿಚಾರವನ್ನು ಅವರು ಎಡಿನ್‌ಬರೋದ ಕೊಳೆಗೇರಿಯಲ್ಲಿ ಮೊದಲು ಆಚರಣೆಗೆ ತಂದರು. 1914ರಿಂದ 1924ರವರೆಗಿನ ಅವಧಿಯ ಬಹುಭಾಗವನ್ನು ಭಾರತದಲ್ಲಿ ಕಳೆದ ಗೆಡ್ಡೆಸ್, ಇಲ್ಲಿನ ಅನೇಕ ಊರುಗಳನ್ನು ಕುರಿತು ವರದಿಗಳನ್ನು ಬರೆದರು. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯೂ ಅವುಗಳಲ್ಲಿ ಒಂದು. ಬೊಂಬಾಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗದ ಮೊದಲ ಪ್ರಾಧ್ಯಾಪಕರೂ ಅವರೇ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಗೆಡ್ಡೆಸ್ ಜನಿಸಿದ್ದು ಅಬರ್ಡೀನ್‌ಶೈರಿನ ಬ್ಯಾಲಟರ್ ಎಂಬ ಊರಿನಲ್ಲಿ. ತಂದೆ ಅಲೆಗ್ಸಾಂಡರ್ ಗೆಡ್ಡೆಸ್ ಸೈನಿಕರಾಗಿದ್ದರು; ತಾಯಿ ಜ್ಯಾನೆಟ್ ಸ್ಟೀವನ್ಸನ್. ಕುಟುಂಬವು ಪರ್ತ್ ನಗರದ ಸಮೀಪದ ಬೆಟ್ಟದ ಮಗ್ಗುಲಿನ ಮನೆಯೊಂದಕ್ಕೆ ಬಂದು ನೆಲೆಸಿದ್ದರಿಂದ ಅವರ ಬಾಲ್ಯ ಅಲ್ಲಿಯೇ ಕಳೆಯಿತು. ಮನೆಯ ತೋಟದಲ್ಲಿ ತಂದೆಯೊಡನೆ ದುಡಿಯುತ್ತ, ಬೆಟ್ಟದ ಮೇಲಿಂದ ನದಿ, ಹೊಲ, ಊರುಗಳನ್ನು ಒಂದೇ ನೋಟದಲ್ಲಿ ಕಾಣುತ್ತ ಬೆಳೆದ ಹುಡುಗನಿಗೆ ಊರು ಮತ್ತು ಅದರ ಸುತ್ತಲಿನ ಪ್ರದೇಶ ಬೇರೆಬೇರೆಯಲ್ಲ ಎಂಬ ತಿಳಿವಳಿಕೆ ಪುಸ್ತಕಗಳಿಗಿಂತ ಮೊದಲೇ ದೊರೆಯಿತೆನ್ನಬಹುದು.

ಕೆಲಕಾಲ ಬ್ಯಾಂಕಿನಲ್ಲಿ ದುಡಿದ ನಂತರ ಅವರು ಲಂಡನ್ನಿಗೆ ತೆರಳಿ, ಡಾರ್ವಿನ್ ವಾದದ ಪ್ರಬಲ ಸಮರ್ಥಕರಾದ ಥಾಮಸ್ ಹೆನ್ರಿ ಹಕ್ಸ್‌ಲಿಯವರ ಬಳಿ ಜೀವವಿಜ್ಞಾನವನ್ನು ಅಭ್ಯಸಿಸಿದರು. ಬಳಿಕ ಫ್ರಾನ್ಸಿನಲ್ಲಿ ಅಧ್ಯಯನ ಮುಂದುವರಿಸುತ್ತಿದ್ದಾಗ ಫ್ರೆಡರಿಕ್ ಲ ಪ್ಲೇ ಎಂಬ ಸಮಾಜ ಚಿಂತಕರ ವಿಚಾರಗಳ ಪರಿಚಯವಾಯಿತು. ಸಮಾಜವನ್ನು ಅರಿಯಲು ನೆಲೆ, ಕಸುಬು ಮತ್ತು ಕುಟುಂಬ ಎಂಬ ಮೂರನ್ನೂ ಒಟ್ಟಿಗೆ ನೋಡಬೇಕೆಂಬುದು ಲ ಪ್ಲೇ ಅವರ ನಿಲುವು. ಗೆಡ್ಡೆಸ್ ಅದನ್ನು ನೆಲೆ, ಕಸುಬು, ಜನ ಎಂಬ ತಮ್ಮದೇ ಸೂತ್ರವಾಗಿ ಮಾರ್ಪಡಿಸಿ ಕೊನೆಯವರೆಗೂ ಬಳಸಿದರು.

1879ರಲ್ಲಿ ಜೀವಿಗಳ ಮಾದರಿಗಳನ್ನು ಸಂಗ್ರಹಿಸಲು ಮೆಕ್ಸಿಕೊಗೆ ಹೋಗಿದ್ದಾಗ ಅವರ ಕಣ್ಣುಗಳಿಗೆ ತೀವ್ರ ವ್ಯಾಧಿ ತಗುಲಿತು. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಕಳೆಯಬೇಕಾಯಿತು. ದೃಷ್ಟಿ ಮರಳಿತಾದರೂ ಸೂಕ್ಷ್ಮದರ್ಶಕವನ್ನು ಹಿಡಿದು ಸಂಶೋಧನೆ ಮಾಡುವ ಶಕ್ತಿ ಮೊದಲಿನಂತೆ ಉಳಿಯಲಿಲ್ಲ. ಪ್ರಯೋಗಶಾಲೆಯ ವಿಜ್ಞಾನಿಯಾಗಬೇಕಿದ್ದ ಅವರ ಗಮನ ನಗರದ ಕಡೆಗೆ ತಿರುಗಲು ಈ ಅವಘಡವೂ ಒಂದು ಕಾರಣ.

ಎಡಿನ್‌ಬರೋದ ಹಳೆಯ ಪಟ್ಟಣ

1880ರಿಂದ ಗೆಡ್ಡೆಸ್ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಬೋಧಕರಾಗಿದ್ದರು. ಹದಿನೆಂಟನೆಯ ಶತಮಾನದಲ್ಲಿ ಆ ನಗರದ ಉತ್ತರಕ್ಕೆ ವಿಶಾಲವಾದ ಹೊಸ ಪಟ್ಟಣ ನಿರ್ಮಾಣವಾದ ಮೇಲೆ ಸಿರಿವಂತರೆಲ್ಲ ಅಲ್ಲಿಗೆ ಸರಿದಿದ್ದರು. ಕೋಟೆಯ ಏಣಿನ ಉದ್ದಕ್ಕೂ ಹಬ್ಬಿದ ಹಳೆಯ ಪಟ್ಟಣದ ಬಹುಮಹಡಿ ಕಟ್ಟಡಗಳು ಬಡವರ ಪಾಲಾಗಿ, ಒಂದೊಂದು ಕೋಣೆಯಲ್ಲಿ ಇಡೀ ಸಂಸಾರ ವಾಸಿಸುವ ಸ್ಥಿತಿ ಉಂಟಾಗಿತ್ತು. ನಗರಾಡಳಿತಕ್ಕೆ ತಿಳಿದಿದ್ದ ಪರಿಹಾರ ಒಂದೇ: 1867ರ ಸುಧಾರಣಾ ಕಾಯಿದೆಯಂತೆ ಹಳೆಯ ಓಣಿಗಳನ್ನು ಕೆಡವಿ ಅಗಲವಾದ ರಸ್ತೆಗಳನ್ನು ಮಾಡುವುದು. ಮನೆ ಕಳೆದುಕೊಂಡವರು ಪಕ್ಕದ ಓಣಿಗೆ ಹೋಗಿ ಅಲ್ಲಿನ ಇಕ್ಕಟ್ಟನ್ನು ಇಮ್ಮಡಿಗೊಳಿಸುತ್ತಿದ್ದರು.

ಗೆಡ್ಡೆಸ್ ಮತ್ತು ಅವರ ಸಂಗಡಿಗರು 1885ರ ಹೊತ್ತಿಗೆ ಎಡಿನ್‌ಬರೋ ಸೋಶಿಯಲ್ ಯೂನಿಯನ್ ಎಂಬ ಸಂಘವನ್ನು ಕಟ್ಟಿದರು. ಲಂಡನ್ನಿನಲ್ಲಿ ಬಡವರ ವಸತಿಗಾಗಿ ದುಡಿಯುತ್ತಿದ್ದ ಆಕ್ಟೇವಿಯಾ ಹಿಲ್ ಅವರ ಕಾರ್ಯವಿಧಾನ ಈ ಸಂಘಕ್ಕೆ ಮಾದರಿಯಾಗಿತ್ತು. 1886ರಲ್ಲಿ ಗೆಡ್ಡೆಸ್ ಲಿವರ್‌ಪೂಲಿನ ವರ್ತಕರೊಬ್ಬರ ಮಗಳಾದ ಅನ್ನಾ ಮಾರ್ಟನ್ ಅವರನ್ನು ವಿವಾಹವಾದರು. ದುಡಿಯುವ ಹೆಣ್ಣುಮಕ್ಕಳಿಗಾಗಿ ಕೂಟವೊಂದನ್ನು ನಡೆಸಿದ ಅನುಭವವಿದ್ದ ಅನ್ನಾ ಈ ಕಾರ್ಯದಲ್ಲಿ ಸಮಭಾಗಿಯಾದರು.

ಮದುವೆಯಾದ ಕೆಲವೇ ತಿಂಗಳಲ್ಲಿ ದಂಪತಿಗಳು ಹೊಸ ಪಟ್ಟಣದ ಅನುಕೂಲಕರ ಮನೆಯನ್ನು ಬಿಟ್ಟು, ಹಳೆಯ ಪಟ್ಟಣದ ಜೇಮ್ಸ್ ಕೋರ್ಟ್ ಎಂಬ ಕೊಳೆಗೇರಿಯ ಕಟ್ಟಡಕ್ಕೆ ಬಂದು ನೆಲೆಸಿದರು.  ತಮ್ಮ ಪಾಲಿನ ಕೋಣೆಗಳನ್ನು ತೊಳೆದು ಸುಣ್ಣ ಬಳಿದ ಮೇಲೆ ಅವರು ಮೆಟ್ಟಿಲುಗಳನ್ನು ತೊಳೆದರು, ಅನಂತರ ಅಂಗಳಕ್ಕೆ ಇಳಿದರು. ನೆರೆಹೊರೆಯವರು ಮೊದಮೊದಲು ನೋಡುತ್ತ ನಿಂತರೂ ಕ್ರಮೇಣ ಪೊರಕೆ ಹಿಡಿದು ಜೊತೆಗೂಡಿದರು. ಗೋಡೆಗಳಿಗೆ ತಿಳಿಬಣ್ಣ ಬಂತು, ಕಿಟಕಿಗಳ ಹೊರಗೆ ಹೂವಿನ ಪೆಟ್ಟಿಗೆಗಳು ಕಾಣಿಸಿಕೊಂಡವು. ಕಟ್ಟಡಗಳ ನಡುವೆ ಗಾಳಿ ಬೆಳಕಿಗೆ ಅಡ್ಡಿಯಾಗಿದ್ದ ತೀರ ಹಾಳಾದ ಭಾಗಗಳನ್ನು ಮಾತ್ರ ತೆಗೆದು, ಉಳಿದವನ್ನು ದುರಸ್ತಿಗೊಳಿಸಲಾಯಿತು. ಗೆಡ್ಡೆಸ್ ಮುಂದೆ ಸಂರಕ್ಷಣಾತ್ಮಕ ಶಸ್ತ್ರಚಿಕಿತ್ಸೆ ಎಂದು ಹೆಸರಿಟ್ಟ ವಿಧಾನದ ಮೂಲ ಇಲ್ಲಿದೆ.

1887ರಲ್ಲಿ ಅವರು ವಿದ್ಯಾರ್ಥಿಗಳೇ ಆಡಳಿತ ನೋಡಿಕೊಳ್ಳುವ ಯೂನಿವರ್ಸಿಟಿ ಹಾಲ್ ಎಂಬ ನಿಲಯವನ್ನು ಆರಂಭಿಸಿದರು. ಬಡವರು ಮಾತ್ರ ಉಳಿದಿದ್ದ ಭಾಗಕ್ಕೆ ವಿದ್ಯಾರ್ಥಿಗಳೂ ಅಧ್ಯಾಪಕರೂ ಮರಳಬೇಕೆಂಬುದು ಇದರ ಉದ್ದೇಶ. ರಿಡಲ್ಸ್ ಕೋರ್ಟ್ ಮುಂತಾದ ಹಳೆಯ ಕಟ್ಟಡಗಳು ಜೀರ್ಣೋದ್ಧಾರಗೊಂಡವು. ಕೋಟೆಯ ಪಕ್ಕದಲ್ಲಿ ರ‍್ಯಾಮ್ಸೆ ಗಾರ್ಡನ್ ವಸತಿ ಸಮುಚ್ಚಯ ಎದ್ದಿತು. ಬಡವರ ನೆರೆಯಲ್ಲಿ ಕಟ್ಟಿದ ಈ ಸುಂದರ ಮನೆಗಳಲ್ಲಿ ನೆಲೆಸಿದವರು ಬಹುಪಾಲು ವಿದ್ಯಾವಂತ ಮಧ್ಯಮವರ್ಗದವರೇ ಎಂಬ ಮಾತನ್ನು ಮರೆಯುವಂತಿಲ್ಲ. ಸಾಲದ ಮೇಲೆ ಸಾಲ ಮಾಡಿ ಕಟ್ಟಡಗಳನ್ನು ಕೊಳ್ಳುತ್ತಿದ್ದ ಗೆಡ್ಡೆಸ್ ಹಣಕಾಸಿನ ಇಕ್ಕಟ್ಟಿಗೆ ಸಿಲುಕಿದಾಗ, 1896ರಲ್ಲಿ ಮಿತ್ರರು ಟೌನ್ ಅಂಡ್ ಗೌನ್ ಅಸೋಸಿಯೇಷನ್ ಎಂಬ ಕಂಪನಿಯನ್ನು ಸ್ಥಾಪಿಸಿ ಆ ಹೊರೆಯನ್ನು ವಹಿಸಿಕೊಂಡರು.

ಔಟ್‌ಲುಕ್ ಟವರ್ ಮತ್ತು ಬಡಾವಣೆಯ ತೋಟಗಳು

ಎಡಿನ್‌ಬರೋದ ಸಸ್ಯಶಾಸ್ತ್ರ ಪೀಠ ಕೈತಪ್ಪಿದ ಮೇಲೆ ಗೆಡ್ಡೆಸ್ 1888ರಲ್ಲಿ ಡಂಡೀ ನಗರದ ಯೂನಿವರ್ಸಿಟಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಬೇಸಗೆಯ ಅವಧಿಯಲ್ಲಿ ಮಾತ್ರ ಪಾಠ ಹೇಳಬೇಕಾಗಿದ್ದ ಈ ಹುದ್ದೆಯಲ್ಲಿ ಅವರು 1919ರವರೆಗೆ ಮುಂದುವರಿದರು. ಜೆ. ಆರ್ಥರ್ ಥಾಮ್ಸನ್ ಅವರೊಡನೆ ಬರೆದ ಲಿಂಗ ವಿಕಾಸವನ್ನು ಕುರಿತ ಗ್ರಂಥವು 1889ರಲ್ಲಿ ಪ್ರಕಟವಾಯಿತು.

1892ರಲ್ಲಿ ಅವರು ಕೋಟೆಯ ಸಮೀಪದ ಗೋಪುರವೊಂದನ್ನು ವಹಿಸಿಕೊಂಡು ಔಟ್‌ಲುಕ್ ಟವರ್ ಎಂಬ ವಸ್ತುಸಂಗ್ರಹಾಲಯವನ್ನಾಗಿ ರೂಪಿಸಿದರು. ನೋಡುಗರು ಮೊದಲು ತುದಿಗೆ ಹತ್ತಿ, ಅಲ್ಲಿನ ಕ್ಯಾಮೆರಾ ಅಬ್ಸ್ಕುರಾದಲ್ಲಿ ಮೂಡುವ ತಮ್ಮ ಊರಿನ ಜೀವಂತ ಬಿಂಬವನ್ನು ಕಾಣಬೇಕು. ಆಮೇಲೆ ಅಂತಸ್ತು ಅಂತಸ್ತಾಗಿ ಇಳಿಯುತ್ತ ಎಡಿನ್‌ಬರೋ, ಸ್ಕಾಟ್ಲೆಂಡ್, ಯೂರೋಪು, ಕೊನೆಗೆ ನೆಲಮಹಡಿಯಲ್ಲಿ ಜಗತ್ತನ್ನು ಅರಿಯಬೇಕು. ಊರನ್ನು ಬದಲಿಸುವ ಮೊದಲು ಊರಿನವರು ಅದನ್ನು ಕಣ್ಣಾರೆ ಕಾಣಬೇಕೆಂಬ ಅವರ ನಂಬಿಕೆಗೆ ಈ ಗೋಪುರ ಕಟ್ಟಡದ ರೂಪ ಕೊಟ್ಟಿತು.

ಗೋಪುರದ ಬಳಗವು ಇಪ್ಪತ್ತನೆಯ ಶತಮಾನದ ಮೊದಲ ದಶಕದ ಕೊನೆಯಲ್ಲಿ ಹಳೆಯ ಪಟ್ಟಣದ ಬಯಲು ಜಾಗಗಳ ಸಮೀಕ್ಷೆ ನಡೆಸಿತು. ಕಟ್ಟಡ ಬಿದ್ದು ಖಾಲಿಯಾದ ನಿವೇಶನ, ಕಸ ತುಂಬಿದ ಹಿತ್ತಿಲು ಮೊದಲಾದ ಎಪ್ಪತ್ತಕ್ಕೂ ಹೆಚ್ಚು ತುಣುಕುಗಳು ಪಟ್ಟಿಯಾದವು. ಮಗಳು ನೋರಾ ಗೆಡ್ಡೆಸ್ ಇವುಗಳಲ್ಲಿ ಕೆಲವನ್ನು ತೋಟಗಳನ್ನಾಗಿ ವಿನ್ಯಾಸಗೊಳಿಸಿದರು. ಅಗೆಯುವ, ನೆಡುವ, ಕಾಯುವ ಕೆಲಸದಲ್ಲಿ ಓಣಿಯ ನಿವಾಸಿಗಳೂ ಮಕ್ಕಳೂ ಪಾಲ್ಗೊಂಡರು. ಆಟವಾಡಲು ಬೀದಿಯ ಹೊರತು ಬೇರೆ ಸ್ಥಳವಿಲ್ಲದ ಮಕ್ಕಳಿಗೆ ಇವು ಮೊದಲ ಅಂಗಳಗಳಾದವು.

ಗೆಡ್ಡೆಸ್ ಸಿದ್ಧಪಡಿಸಿದ ಯೋಜನೆಗಳೆಲ್ಲ ಹೀಗೆ ಫಲಿಸಲಿಲ್ಲ. ಡನ್‌ಫರ್ಮ್ಲಿನ್ ಪಟ್ಟಣದ ಉದ್ಯಾನಕ್ಕಾಗಿ ಕಾರ್ನೆಗಿ ಟ್ರಸ್ಟಿನ ಕೋರಿಕೆಯಂತೆ ಬರೆದ ಯೋಜನೆ 1904ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟವಾಯಿತೇ ಹೊರತು ಟ್ರಸ್ಟು ಅದನ್ನು ಒಪ್ಪಲಿಲ್ಲ.

ಭಾರತದಲ್ಲಿ

1911ರಿಂದ ಗೆಡ್ಡೆಸ್ ಅವರ ನಗರ ಯೋಜನಾ ಪ್ರದರ್ಶನವು ಯೂರೋಪಿನ ಹಲವೆಡೆ ಸಂಚರಿಸಿತ್ತು. ಮದರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲಂಡ್ ಅವರ ಆಹ್ವಾನದ ಮೇರೆಗೆ 1914ರಲ್ಲಿ ಅದನ್ನು ಭಾರತಕ್ಕೆ ಕಳುಹಿಸಲಾಯಿತು. ಆದರೆ ನಕ್ಷೆ, ಚಿತ್ರಗಳನ್ನು ಹೊತ್ತ ಕ್ಲಾನ್ ಗ್ರಾಂಟ್ ಹಡಗನ್ನು ಜರ್ಮನಿಯ ಎಮ್ಡನ್ ಯುದ್ಧನೌಕೆ ಮುಳುಗಿಸಿತು. ಆ ಸೆಪ್ಟೆಂಬರಿನಲ್ಲಿ ಮದರಾಸಿನ ಮೇಲೆ ಗುಂಡಿನ ದಾಳಿ ನಡೆಸಿದ್ದ ನೌಕೆಯೇ ಅದು. ವರ್ಷಗಳ ಸಂಗ್ರಹ ಸಮುದ್ರ ಸೇರಿದರೂ ಮಿತ್ರರು ಬ್ರಿಟನ್ನಿನಲ್ಲಿ ಹೊಸ ಸಾಮಗ್ರಿಯನ್ನು ಒಟ್ಟುಗೂಡಿಸಿ ಕಳುಹಿಸಿದ್ದರಿಂದ 1915ರ ಆರಂಭದಲ್ಲಿ ಮದರಾಸಿನಲ್ಲಿ ಪ್ರದರ್ಶನ ನಡೆಯಿತು.

ಮದರಾಸು ಪ್ರಾಂತ್ಯದ ಮಧುರೈ, ತಂಜಾವೂರು, ಬಳ್ಳಾರಿ ಮೊದಲಾದ ಊರುಗಳಿಂದ ಆರಂಭಿಸಿ ಲಖನೌ, ಲಾಹೋರ್, ಬಲರಾಂಪುರ, ಬರೋಡಾ, ಇಂದೂರುಗಳವರೆಗೆ ಅವರು ಸಂಚರಿಸಿದರು. ಓಣಿಗಳಲ್ಲಿ ಗಂಟೆಗಟ್ಟಲೆ ನಡೆದು, ಬಾವಿ, ಮರ, ಗುಡಿ, ಜಗಲಿಗಳನ್ನು ಗುರುತು ಹಾಕಿಕೊಂಡ ನಂತರವೇ ಅವರು ಸಲಹೆ ನೀಡುತ್ತಿದ್ದರು. ವೈದ್ಯನು ರೋಗವನ್ನು ತಿಳಿಯದೆ ಕತ್ತಿ ಹಿಡಿಯಬಾರದು ಎಂಬುದು ಅವರ ರೋಗನಿದಾನ ಸಮೀಕ್ಷೆಯ ತತ್ತ್ವ. ನಗರಸಭೆಯ ಎಂಜಿನಿಯರುಗಳು ಹಳೆಯ ಕೇರಿಯ ಮೇಲೆ ನೇರವಾದ ಅಗಲ ರಸ್ತೆಯನ್ನು ಎಳೆದ ಕಡೆಗಳಲ್ಲಿ, ಗೆಡ್ಡೆಸ್ ಪಾಳುಬಿದ್ದ ಕೆಲವು ಮನೆಗಳನ್ನಷ್ಟೇ ತೆಗೆದು, ಆ ಜಾಗವನ್ನು ಮರದ ನೆರಳಿನ ಪುಟ್ಟ ಚೌಕವನ್ನಾಗಿ ಮಾಡಿ, ಇದ್ದ ಓಣಿಗಳನ್ನು ಒಂದಕ್ಕೊಂದು ಸೇರಿಸಿದರು. ಇದರಿಂದ ವೆಚ್ಚವೂ ಕಡಿಮೆಯಾಗುತ್ತಿತ್ತು, ಒಕ್ಕಲೆಬ್ಬಿಸಬೇಕಾದ ಕುಟುಂಬಗಳ ಸಂಖ್ಯೆಯೂ ಇಳಿಯುತ್ತಿತ್ತು.

ಕೆರೆ ಕುಂಟೆಗಳ ವಿಷಯದಲ್ಲಿ ಅವರು ಆರೋಗ್ಯಾಧಿಕಾರಿಗಳನ್ನು ನೇರವಾಗಿ ವಿರೋಧಿಸಿದರು. ಮಲೇರಿಯಾದ ಭಯದಿಂದ ಊರ ಕೆರೆಗಳನ್ನು ಮುಚ್ಚಿಸುವುದು ಅಂದಿನ ರೂಢಿಯಾಗಿತ್ತು. ಹೂಳೆತ್ತಿ, ಮೀನು ಬಾತುಕೋಳಿಗಳನ್ನು ಬಿಟ್ಟರೆ ಅವೇ ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ. ಕೆರೆಯು ಗಾಳಿಯನ್ನು ತಂಪಾಗಿಡುತ್ತದೆ, ಮಳೆಗಾಲದ ಹೆಚ್ಚುವರಿ ನೀರನ್ನೂ ಹಿಡಿದಿಡುತ್ತದೆ ಎಂದು ಅವರು ವಾದಿಸಿದರು. ಮಲಮೂತ್ರವನ್ನು ದುಬಾರಿ ಕೊಳವೆಗಳಲ್ಲಿ ನದಿಗೆ ಹರಿಸುವುದಕ್ಕಿಂತ ತೋಟಗಳಿಗೆ ಗೊಬ್ಬರವಾಗಿಸುವುದು ಲೇಸೆಂಬುದೂ ಅವರ ಸಲಹೆಯಾಗಿತ್ತು.

ಇಂದೂರಿನ ದೀಪಾವಳಿ

ಹೋಳ್ಕರ್ ಸಂಸ್ಥಾನದ ಇಂದೂರಿನಲ್ಲಿ ಗೆಡ್ಡೆಸ್ ಕೆಲಸಕ್ಕೆ ತೊಡಗಿದಾಗ ಊರಿನಲ್ಲಿ ಪ್ಲೇಗು ಹರಡಿತ್ತು. ಓಣಿಗಳಲ್ಲಿ ಅಲೆಯುವ ಗಡ್ಡದ ಮುದಿ ದೊರೆಯನ್ನು ಕಂಡು, ಮನೆ ಕೆಡವಲು ಬಂದವನೆಂದೂ ಪ್ಲೇಗನ್ನು ತರುವವನೆಂದೂ ಜನ ಶಂಕಿಸುತ್ತಿದ್ದರು. ಆಗ ಅವರು ಒಂದು ದಿನದ ಮಟ್ಟಿಗೆ ತಮ್ಮನ್ನು ಮಹಾರಾಜನನ್ನಾಗಿ ಮಾಡಬೇಕೆಂದು ಸಂಸ್ಥಾನವನ್ನು ಕೇಳಿಕೊಂಡರಂತೆ. ಈ ಪ್ರಸಂಗದ ವಿವರಗಳು ಬಹುಮಟ್ಟಿಗೆ ಗೆಡ್ಡೆಸ್ ಅವರೇ ಮುಂದೆ ಹೇಳಿದ ಕಥನದಿಂದ ತಿಳಿದುಬರುತ್ತವೆ.

ದೀಪಾವಳಿಯ ಮೆರವಣಿಗೆಯು ವಾಡಿಕೆಯ ಹಾದಿಯಲ್ಲಿ ಸಾಗದೆ, ಯಾವ ಬೀದಿಯವರು ತಮ್ಮ ಮನೆಗಳನ್ನು ಹೆಚ್ಚು ಶುಚಿಗೊಳಿಸಿ ದುರಸ್ತಿ ಮಾಡಿರುವರೋ ಆ ಬೀದಿಯಲ್ಲಿ ಸಾಗುವುದೆಂದು ಸಾರಲಾಯಿತು. ಕೇರಿ ಕೇರಿಗಳ ನಡುವೆ ಪೈಪೋಟಿ ಏರ್ಪಟ್ಟಿತು. ಗಾಡಿಗಟ್ಟಲೆ ಕಸ ಊರಾಚೆ ಹೋಯಿತು, ಸಾವಿರಾರು ಇಲಿಗಳು ಬೋನಿಗೆ ಬಿದ್ದವು. ಹಬ್ಬದ ದಿನ ಕೊಳೆಯ ರಾಕ್ಷಸನೂ ಪ್ಲೇಗಿನ ದೈತ್ಯ ಇಲಿಯೂ ಮೆರವಣಿಗೆಯಲ್ಲಿ ಹೊರಟವು. ಅವುಗಳ ಹಿಂದೆ, ತೊಳೆದು ಬಣ್ಣ ಬಳಿದ ಗಾಡಿಗಳೊಡನೆ, ಶುಭ್ರವಾದ ಬಿಳಿಯ ಉಡುಪು ತೊಟ್ಟ ಪೌರಕಾರ್ಮಿಕರು ಹೂಮಾಲೆ ಧರಿಸಿ ನಡೆದರು. ಉಳಿದ ದಿನಗಳಲ್ಲಿ ಊರಿನವರು ಮುಟ್ಟಲೂ ಒಲ್ಲದ ಈ ಜನರಿಗೆ ಮೆರವಣಿಗೆಯಲ್ಲಿ ಗೌರವದ ಸ್ಥಾನ ದೊರೆತದ್ದು ಅಂದಿನ ವಿಶೇಷ. ಕೊನೆಗೆ ರಾಕ್ಷಸನನ್ನೂ ಇಲಿಯನ್ನೂ ಸುಡಲಾಯಿತು. ಪ್ಲೇಗು ತಗ್ಗಿತು, ಅದರ ಕಾಲಾವಧಿ ಹೇಗೂ ಮುಗಿಯುತ್ತ ಬಂದಿತ್ತೆಂಬುದೂ ಒಂದು ಕಾರಣ. ಜನರ ಶಂಕೆ ಮಾತ್ರ ಅಂದಿನಿಂದ ಕರಗಿತು. ಇಂದೂರನ್ನು ಕುರಿತ ಎರಡು ಸಂಪುಟಗಳ ವರದಿ 1918ರಲ್ಲಿ ಪ್ರಕಟವಾಯಿತು.

1917 ಗೆಡ್ಡೆಸ್ ಅವರ ಪಾಲಿಗೆ ದಾರುಣವಾದ ವರ್ಷ. ಏಪ್ರಿಲಿನಲ್ಲಿ ಹಿರಿಯ ಮಗ ಅಲಸ್ಡೇರ್ ಫ್ರಾನ್ಸಿನ ರಣರಂಗದಲ್ಲಿ ಮಡಿದರು. ಭಾರತದಲ್ಲಿ ಜ್ವರದಿಂದ ಹಾಸಿಗೆ ಹಿಡಿದಿದ್ದ ಅನ್ನಾ ಅವರಿಗೆ ಈ ಸುದ್ದಿಯನ್ನು ತಿಳಿಸುವ ಧೈರ್ಯ ಗೆಡ್ಡೆಸ್ ಅವರಿಗಾಗಲಿಲ್ಲ. ಮಗ ಹಿಂದೆ ಬರೆದಿದ್ದ ಪತ್ರಗಳನ್ನೇ ಓದಿ ಹೇಳುತ್ತಿದ್ದರು. ಜೂನ್ ತಿಂಗಳಲ್ಲಿ ಅನ್ನಾ ಮಗನ ಮರಣವನ್ನು ಅರಿಯದೆಯೇ ಕೊನೆಯುಸಿರೆಳೆದರು.

ಬೊಂಬಾಯಿ ಮತ್ತು ನಂತರದ ದಿನಗಳು

1919ರಲ್ಲಿ ಗೆಡ್ಡೆಸ್ ಬೊಂಬಾಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ಹಾಗೂ ಪೌರನೀತಿ ವಿಭಾಗದ ಪ್ರಾಧ್ಯಾಪಕರಾದರು. ಭಾರತೀಯ ಸಮಾಜಶಾಸ್ತ್ರದ ಹಿರಿಯರೆನಿಸಿದ ಜಿ. ಎಸ್. ಘುರ್ಯೆ ಅವರ ಶಿಷ್ಯರಲ್ಲೊಬ್ಬರು. ವಿಜ್ಞಾನಿ ಜಗದೀಶ್ ಚಂದ್ರ ಬೋಸ್ ಅವರ ಜೀವನಚರಿತ್ರೆಯನ್ನು ಗೆಡ್ಡೆಸ್ 1920ರಲ್ಲಿ ಪ್ರಕಟಿಸಿದರು. ರವೀಂದ್ರನಾಥ ಠಾಕೂರರೊಡನೆ ಅವರಿಗೆ ಪತ್ರ ವ್ಯವಹಾರವಿತ್ತು; ಕಿರಿಯ ಮಗ ಆರ್ಥರ್ ಶ್ರೀನಿಕೇತನದಲ್ಲಿ ಕೆಲಕಾಲ ದುಡಿದರು.

ಅನಾರೋಗ್ಯದಿಂದಾಗಿ 1924ರಲ್ಲಿ ಭಾರತವನ್ನು ಬಿಟ್ಟು ದಕ್ಷಿಣ ಫ್ರಾನ್ಸಿನ ಮಾಂಪೆಲಿಯೆ ನಗರದಲ್ಲಿ ನೆಲೆಸಿ, ಸ್ಕಾಟ್ಸ್ ಕಾಲೇಜ್ ಎಂಬ ವಿದ್ಯಾರ್ಥಿ ನಿಲಯವನ್ನು ಕಟ್ಟಿದರು. 1925ರಲ್ಲಿ ಸಿದ್ಧಪಡಿಸಿದ ಟೆಲ್ ಅವೀವ್ ನಗರದ ಯೋಜನೆಯು ಅವರ ಯೋಜನೆಗಳಲ್ಲಿ ಅತ್ಯಂತ ವ್ಯಾಪಕವಾಗಿ ಕಾರ್ಯರೂಪಕ್ಕೆ ಬಂದದ್ದು. ಹಿಂದೊಮ್ಮೆ ನಿರಾಕರಿಸಿದ್ದ ಸರ್ ಪದವಿಯನ್ನು ಅವರು 1932ರಲ್ಲಿ ಸ್ವೀಕರಿಸಿದರು. ಅದೇ ವರ್ಷ ಏಪ್ರಿಲ್ 17ರಂದು ಮಾಂಪೆಲಿಯೆಯಲ್ಲಿ ನಿಧನರಾದರು.

ಪ್ರಭಾವ ಮತ್ತು ವಿಮರ್ಶೆ

ಒಂದಕ್ಕೊಂದು ಬೆಸೆದುಕೊಂಡು ಬೆಳೆಯುವ ನಗರ ಸಮೂಹವನ್ನು ಸೂಚಿಸುವ ಕಾನರ್ಬೇಶನ್ ಎಂಬ ಪದವನ್ನು ಬಳಕೆಗೆ ತಂದದ್ದು 1915ರಲ್ಲಿ ಪ್ರಕಟವಾದ ಅವರ ಸಿಟೀಸ್ ಇನ್ ಎವಲ್ಯೂಷನ್ ಗ್ರಂಥ. ಅಮೆರಿಕದ ಚಿಂತಕ ಲೂಯಿ ಮಮ್‌ಫರ್ಡ್ ಅವರನ್ನು ಗುರುವೆಂದು ಭಾವಿಸಿದ್ದರು. ಆದರೆ ಗೆಡ್ಡೆಸ್ ಅವರ ಬರವಣಿಗೆ ಜಟಿಲವಾದದ್ದು; ಭಾಷಣವು ಗಡ್ಡದೊಳಗೇ ಉಳಿಯುತ್ತಿತ್ತೆಂದು ಕೇಳಿದವರು ದೂರುತ್ತಿದ್ದರು. ಜನರ ಪಾಲ್ಗೊಳ್ಳುವಿಕೆಯನ್ನು ಎತ್ತಿಹಿಡಿದವರು ಭಾರತದಲ್ಲಿ ಗವರ್ನರರ ಮತ್ತು ಮಹಾರಾಜರ ಆಶ್ರಯದಲ್ಲೇ ಕೆಲಸ ಮಾಡಬೇಕಾದುದು ಒಂದು ವಿರೋಧಾಭಾಸ. ಆ ಆಶ್ರಯದಾತರು ಬದಲಾದೊಡನೆ ಅವರ ವರದಿಗಳಲ್ಲಿ ಹೆಚ್ಚಿನವು ಕಡತಗಳಲ್ಲಿ ಉಳಿದವು. ಜ್ಯಾಕ್ಲಿನ್ ಟಿರ್ವಿಟ್ ಅವುಗಳ ಆಯ್ದ ಭಾಗಗಳನ್ನು ಸಂಪಾದಿಸಿ 1947ರಲ್ಲಿ ಪ್ರಕಟಿಸಿದ ಮೇಲೆ ಹೊಸ ತಲೆಮಾರಿನ ಓದುಗರಿಗೆ ದೊರೆತವು.

ಔಟ್‌ಲುಕ್ ಟವರ್ ಈಗ ಪ್ರವಾಸಿಗಳ ತಾಣವಾಗಿದ್ದು, ಅದರ ತುದಿಯ ಕ್ಯಾಮೆರಾ ಅಬ್ಸ್ಕುರಾ ಇನ್ನೂ ಬಳಕೆಯಲ್ಲಿದೆ. ರಿಡಲ್ಸ್ ಕೋರ್ಟ್ ಕಟ್ಟಡದಲ್ಲಿ ಅವರ ಹೆಸರಿನ ಕೇಂದ್ರವಿದೆ. ನೋರಾ ವಿನ್ಯಾಸಗೊಳಿಸಿದ ತೋಟಗಳಲ್ಲಿ ವೆಸ್ಟ್ ಪೋರ್ಟ್ ಬೀದಿಯದು ಇಂದಿಗೂ ಉಳಿದಿದೆ.