ಇಂದಿನ ಧಮ್ಮ ಚಿಂತನೆ: ತಾಯಿಯ ಪರವಾಗಿ ನಿಂತ ಖಗೋಳ ವಿಜ್ಞಾನಿ



ಬಂಧುಗಳೇ, ಇವತ್ತು ಜೋಹಾನ್ಸ್ ಕೆಪ್ಲರ್ ಎಂಬ ಖಗೋಳ ವಿಜ್ಞಾನಿಯ ಬದುಕನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಯಾಕೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಕೆಪ್ಲರ್ ಹುಟ್ಟಿದ್ದು 1571ರಲ್ಲಿ, ಜರ್ಮನಿಯ ಒಂದು ಸಣ್ಣ ಊರಿನಲ್ಲಿ. ಚಿಕ್ಕಂದಿನಲ್ಲೇ ಸಿಡುಬು ಬಂದು ಕಣ್ಣಿನ ದೃಷ್ಟಿ ಕುಂದಿತು. 1577ರಲ್ಲಿ ದೊಡ್ಡ ಧೂಮಕೇತು ಕಾಣಿಸಿಕೊಂಡಿತು. ಧೂಮಕೇತು ಎಂದರೆ ಕೇಡು ಎಂದು ಜನ ಹೆದರುತ್ತಿದ್ದ ಕಾಲ. ಆದರೆ ತಾಯಿ ಕತರೀನಾ ಮಗನನ್ನು ಎತ್ತರದ ಜಾಗಕ್ಕೆ ಕರೆದೊಯ್ದು ಅದನ್ನು ತೋರಿಸಿದಳು.

ಪಾದ್ರಿಯಾಗಬೇಕೆಂದು ಓದಿದವನು 1594ರಲ್ಲಿ ಗ್ರಾತ್ಸ್ ನಗರದಲ್ಲಿ ಗಣಿತದ ಮೇಷ್ಟ್ರಾದ. 1600ರಲ್ಲಿ ಪ್ರಾಗ್ ಸೇರಿ ಟೈಕೋ ಬ್ರಾಹೆಯ ಜೊತೆ ಕೆಲಸಕ್ಕೆ ನಿಂತ. ಟೈಕೋ ದುರ್ಬೀನು ಇಲ್ಲದ ಕಾಲದಲ್ಲಿ ಬರಿಗಣ್ಣಿನಿಂದಲೇ ಹಲವು ವರ್ಷ ಗ್ರಹಗಳನ್ನು ನೋಡಿ ಲೆಕ್ಕ ಬರೆದಿಟ್ಟಿದ್ದ. ಮರುವರ್ಷ ಟೈಕೋ ತೀರಿಕೊಂಡ. ಆ ಲೆಕ್ಕವೆಲ್ಲ ಕೆಪ್ಲರನ ಕೈಗೆ ಬಂತು.

ಆಕಾಶದ ಚಲನೆಯೆಲ್ಲ ವೃತ್ತಾಕಾರ ಎಂಬುದು ಸುಮಾರು 2000 ವರ್ಷಗಳ ನಂಬಿಕೆ. ಕೆಪ್ಲರನೂ ಅದನ್ನೇ ನಂಬಿ ಮಂಗಳ ಗ್ರಹದ ದಾರಿಯನ್ನು ವೃತ್ತದಲ್ಲಿ ಹೊಂದಿಸಲು ವರ್ಷಗಟ್ಟಲೆ ಹೆಣಗಿದ. ಲೆಕ್ಕ ಹೆಚ್ಚುಕಡಿಮೆ ಕೂಡಿ ಬಂತು. ಆದರೆ ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಅದರಲ್ಲಿ 8 ಭಾಗದಷ್ಟು ವ್ಯತ್ಯಾಸ ಉಳಿಯಿತು. ಅಂದರೆ ಹುಣ್ಣಿಮೆ ಚಂದ್ರನ ಅಗಲದ ಸುಮಾರು ಕಾಲು ಭಾಗ. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರೇನೋ. ಟೈಕೋ ಅಷ್ಟು ತಪ್ಪಾಗಿ ನೋಡಿರಲಾರ ಎಂದು ಕೆಪ್ಲರನಿಗೆ ಗೊತ್ತಿತ್ತು. ಕಂಡದ್ದನ್ನು ತಿದ್ದಲಿಲ್ಲ, ತನ್ನ ನಂಬಿಕೆಯನ್ನೇ ಕೈಬಿಟ್ಟ. ಮಂಗಳ ಸುತ್ತುವುದು ದೀರ್ಘವೃತ್ತದಲ್ಲಿ ಎಂದು 1609ರಲ್ಲಿ ಪ್ರಕಟಿಸಿದ.

ಆತ ದೇವರನ್ನು ಗಾಢವಾಗಿ ನಂಬಿದ್ದ. ಹೊಟ್ಟೆಪಾಡಿಗೆ ಜಾತಕವನ್ನೂ ಬರೆದ. ಆ ವಿಷಯಗಳಲ್ಲಿ ನಾವು ಅವನ ಹಿಂದೆ ಹೋಗಬೇಕಿಲ್ಲ. ಆದರೆ ಒಪ್ಪದ ಮಾತಿಗೆ ಸಹಿ ಹಾಕುವವನಲ್ಲ. ತನ್ನ ಪಂಥದ ತತ್ವಪತ್ರಕ್ಕೆ ಪೂರ್ತಿ ಒಪ್ಪಿಗೆ ಕೊಡಲಿಲ್ಲವೆಂದು ಲಿಂಟ್ಸ್ ನಗರದ ಚರ್ಚ್ ಅವನಿಗೆ ಪ್ರಭುಭೋಜನವನ್ನೇ ನಿರಾಕರಿಸಿತು.

1615ರಲ್ಲಿ ಅವನ ತಾಯಿಯ ಮೇಲೆ ಮಾಟಗಾತಿ ಎಂಬ ಆರೋಪ ಬಂತು. ಆಕೆ ಕೊಟ್ಟ ಪಾನೀಯ ಕುಡಿದು ಕಾಯಿಲೆ ಬಿದ್ದೆ ಎಂದು ನೆರೆಯ ಹೆಂಗಸೊಬ್ಬಳು ದೂರಿದಳು. 1620ರಲ್ಲಿ, 70 ದಾಟಿದ ಆ ಮುದುಕಿಗೆ ಸರಪಳಿ ಹಾಕಿ ಸೆರೆಯಲ್ಲಿಟ್ಟರು. ಕೆಪ್ಲರ್ ಕೆಲಸ ಬಿಟ್ಟು ಓಡಿ ಬಂದ. ಮಂಗಳನ ಲೆಕ್ಕ ನೋಡಿದ ಹಾಗೆಯೇ ಸಾಕ್ಷಿಗಳ ಮಾತನ್ನು ಒಂದೊಂದಾಗಿ ಪರೀಕ್ಷಿಸಿದ. ಯಾವ ಕಾಯಿಲೆಗೆ ಯಾವ ಸಹಜ ಕಾರಣವಿತ್ತು ಎಂದು ಬರೆದು ವಾದಿಸಿದ. ಚಿತ್ರಹಿಂಸೆಯ ಸಲಕರಣೆಗಳನ್ನು ಮುಂದಿಟ್ಟು ಹೆದರಿಸಿದರೂ ತಾಯಿ ಒಪ್ಪಿಕೊಳ್ಳಲಿಲ್ಲ. 14 ತಿಂಗಳ ನಂತರ, 1621ರಲ್ಲಿ ಬಿಡುಗಡೆಯಾಯಿತು. ಮರುವರ್ಷ ಆಕೆ ತೀರಿಕೊಂಡಳು. ಕೆಪ್ಲರ್ ತೀರಿಕೊಂಡದ್ದು 1630ರಲ್ಲಿ.

ಈಗ ನನ್ನ ಮಾತು. ನಾನು ಹುಡುಗನಿದ್ದಾಗ ನಮ್ಮ ಓಣಿಯಲ್ಲಿ ಒಬ್ಬ ಆಯಿ ಒಂಟಿಯಾಗಿದ್ದರು. ಒಂದು ಕೂಸಿಗೆ ಜ್ವರ ಬಂದಾಗ ಆಕೆ ಭಾನಾಮತಿ ಮಾಡಿದಳು ಎಂದು ಮಾತು ಹುಟ್ಟಿತು. ಯಾರೂ ಏನನ್ನೂ ಕಂಡಿರಲಿಲ್ಲ. ಆಕೆಯ ಕೈಯ ನೀರು ಕುಡಿಯಬೇಡ ಎಂದರು. ದಿನಾ ಚುರುಮುರಿ ಕೊಡುತ್ತಿದ್ದ ಆಯಿಯ ಮನೆ ಮುಂದೆ ನಾನೂ ತಲೆ ತಗ್ಗಿಸಿ ಹೋದೆ. ನಮ್ಮ ಕೈಯ ನೀರನ್ನು ಊರು ಮುಟ್ಟುತ್ತಿರಲಿಲ್ಲ. ನಾವು ಆಕೆಗೆ ಅದನ್ನೇ ಮಾಡಿದೆವು. ಆಯಿ ಈಗಿಲ್ಲ, ಕ್ಷಮೆ ಕೇಳಲು ದಾರಿಯಿಲ್ಲ.

ಪರಂಪರೆ ಎಂದು, ಗ್ರಂಥದಲ್ಲಿದೆ ಎಂದು, ಎಲ್ಲರೂ ಹೇಳುತ್ತಾರೆ ಎಂದು ನಂಬಬೇಡಿ, ನೀವೇ ಪರೀಕ್ಷಿಸಿ ನೋಡಿ ಎಂಬ ತಿಳಿವನ್ನು ಭಗವಾನ್ ಬುದ್ಧರು ಕೇಸಪುತ್ತದ ಕಾಲಾಮರಿಗೆ ಕೊಟ್ಟರು. ಬಾಬಾಸಾಹೇಬರು ನಮ್ಮನ್ನು ಕರೆತಂದದ್ದು ಈ ದಾರಿಗೆ. ಇದು ಗ್ರಹ ನಕ್ಷತ್ರಕ್ಕೆ ಮಾತ್ರವಲ್ಲ, ಪಕ್ಕದ ಮನೆಯ ಮನುಷ್ಯರಿಗೂ ಅನ್ವಯಿಸುತ್ತದೆ.

ಇಂದಿನ ಅಭ್ಯಾಸ: ಯಾರ ಬಗ್ಗೆಯಾದರೂ ಕೆಟ್ಟ ಮಾತು ಕಿವಿಗೆ ಬಿದ್ದರೆ, ಮುಂದೆ ದಾಟಿಸುವ ಮೊದಲು ಒಮ್ಮೆ ಕೇಳಿಕೊಳ್ಳೋಣ: ಇದನ್ನು ನಾನು ಕಂಡಿದ್ದೇನೆಯೇ?

ಭವತು ಸಬ್ಬ ಮಂಗಲಂ 🙏 ಜೈ ಭೀಮ್