ಎದುವಾರ್ ಲೂಕಾ ಮತ್ತು ಒಡೆಯದ ಸಂಖ್ಯೆ

ಸಂಖ್ಯೆಗಳಿಗೂ ಕುಲಗೋತ್ರಗಳುಂಟು. ಎರಡರ ಘಾತಗಳಲ್ಲಿ ಒಂದೊಂದರಿಂದಲೂ ಒಂದನ್ನು ಕಳೆಯುತ್ತ ಹೋದರೆ 3, 7, 31, 127 ಎಂಬ ಅವಿಭಾಜ್ಯ ಸಂಖ್ಯೆಗಳು ದೊರೆಯುತ್ತವೆ. ನಡುನಡುವೆ 15, 63ರಂತಹ ಒಡೆಯುವ ಸಂಖ್ಯೆಗಳೂ ಬರುತ್ತವೆ. ಪ್ಯಾರಿಸಿನ ಸಂನ್ಯಾಸಿ ಮೆರ್ಸೆನ್ 1644ರಲ್ಲಿ, 67ನೆಯ ಮತ್ತು 127ನೆಯ ಘಾತಗಳಿಂದಲೂ ಅವಿಭಾಜ್ಯಗಳೇ ಹುಟ್ಟುವುವೆಂದು ಸಾರಿದರು, ಪ್ರಮಾಣವನ್ನು ಕೊಡಲಿಲ್ಲ. ಇನ್ನೂರು ವರ್ಷಗಳಿಗೂ ಮೀರಿ ಹಾಗೆಯೇ ನಿಂತಿದ್ದ ಆ ಮಾತನ್ನು ಒರೆಗೆ ಹಚ್ಚಿದವರು ಎದುವಾರ್ ಲೂಕಾ. ಅವರ ಬಾಳು ನನ್ನನ್ನು ಬಹುಕಾಲದಿಂದ ಸೆಳೆದಿದೆ.

1842ರಲ್ಲಿ ಫ್ರಾನ್ಸಿನ ಅಮಿಯಾಂ ಪಟ್ಟಣದಲ್ಲಿ ಜನಿಸಿದ ಲೂಕಾ ಮೊದಲು ಪ್ಯಾರಿಸಿನ ಖಗೋಳ ವೀಕ್ಷಣಾಲಯದಲ್ಲಿ ದುಡಿದರು. 1870ರಲ್ಲಿ ಪ್ರಷ್ಯದೊಡನೆ ಯುದ್ಧ ಹೂಡಿದಾಗ ಫಿರಂಗಿ ದಳದ ಅಧಿಕಾರಿಯಾದರು. ಯುದ್ಧ ಮುಗಿದ ಮೇಲೆ ಶಾಲೆಗಳಲ್ಲಿ ಗಣಿತ ಬೋಧಿಸಿ ಬಾಳಿದರು.

ಒಂದು ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯಲು ಭಾಜಕಗಳನ್ನು ಒಂದೊಂದಾಗಿ ಹುಡುಕಬೇಕೆಂದು ನಾವೆಲ್ಲ ಕಲಿತಿದ್ದೇವೆ. 127ನೆಯ ಘಾತದ ಸಂಖ್ಯೆಗೆ 39 ಅಂಕಿಗಳು; ಅಲ್ಲಿ ಹಾಗೆ ಹುಡುಕಲು ಜನ್ಮಾಂತರಗಳೂ ಸಾಲವು. ಲೂಕಾ ಬೇರೆ ದಾರಿ ಕಂಡರು. ಮೂರರಿಂದ ಹೊರಟು, ಅದರ ವರ್ಗದಲ್ಲಿ ಎರಡನ್ನು ಕಳೆಯಬೇಕು. ಪರೀಕ್ಷೆಗೆ ನಿಂತ ಸಂಖ್ಯೆಯಿಂದ ಭಾಗಿಸಿ, ಶೇಷವನ್ನು ಮಾತ್ರ ಉಳಿಸಿಕೊಂಡು, ಮತ್ತೆ ಅದನ್ನೇ ಮಾಡಬೇಕು. ಏಳನೆಯ ಘಾತದಿಂದ ಹುಟ್ಟಿದ 127ಕ್ಕೆ ನಾನು ಹೀಗೆ ಮಾಡಿ ನೋಡಿದೆ: 3, 7, 47, 48, 16, ಕಡೆಗೆ 0. ಐದನೆಯ ಹೆಜ್ಜೆಗೆ ಸೊನ್ನೆ ಬಂದಿತು. ಆದ್ದರಿಂದ 127 ಅವಿಭಾಜ್ಯ. 127ನೆಯ ಘಾತಕ್ಕೆ ಇಂತಹ ಹೆಜ್ಜೆಗಳು 125 ಬೇಕು. ಯಂತ್ರಗಣಕವಿಲ್ಲದ 1876ರಲ್ಲಿ ಲೂಕಾ ಅದು ಅವಿಭಾಜ್ಯವೆಂದೂ, 67ನೆಯದು ಅಲ್ಲವೆಂದೂ ಪ್ರಕಟಿಸಿದರು. ಆ 67ನೆಯದು ಒಡೆಯುತ್ತದೆಂದು ಅವರು ಬಲ್ಲರು. ಎಲ್ಲಿ ಒಡೆಯುತ್ತದೆಂದು ಅರಿಯರು. ಅದು 193707721 ಮತ್ತು 761838257287 ಇವುಗಳ ಗುಣಲಬ್ಧವೆಂದು ಅಮೆರಿಕದ ಕೋಲ್ ತೋರಿಸಿದ್ದು 1903ರಲ್ಲಿ.

ಮಕ್ಕಳು ಬಲ್ಲ ಹನೋಯ್ ಗೋಪುರದ ಆಟವನ್ನೂ 1883ರಲ್ಲಿ ಹೊರತಂದವರು ಇವರೇ. ಕಾಶಿಯ ದೇಗುಲದಲ್ಲಿ 64 ಚಿನ್ನದ ಬಿಲ್ಲೆಗಳನ್ನು ಅರ್ಚಕರು ಗೂಟದಿಂದ ಗೂಟಕ್ಕೆ ಸಾಗಿಸುತ್ತಿರುವರೆಂಬ ಕಲ್ಪಿತ ಕಥೆ ಆ ಆಟದೊಡನೆ ಹಬ್ಬಿತು. ಅದರ ಲೆಕ್ಕವೂ ಇದೇ ಕುಲದ್ದು: ಬಿಲ್ಲೆಗಳು 127 ಇದ್ದರೆ ಬೇಕಾಗುವ ನಡೆಗಳು ಲೂಕಾ ಅವರ ಅವಿಭಾಜ್ಯದಷ್ಟೇ.

1891ರಲ್ಲಿ ಮಾರ್ಸೇಲ್ಸ್ ನಗರದ ವಿದ್ವತ್ಸಮ್ಮೇಳನದ ಔತಣದಲ್ಲಿ ಪಿಂಗಾಣಿ ತಟ್ಟೆಯೊಂದು ಬಿದ್ದು ಒಡೆಯಿತು. ಚೂರೊಂದು ಸಿಡಿದು ಲೂಕಾ ಅವರ ಕೆನ್ನೆಯನ್ನು ಸೀಳಿತು. ಗಾಯಕ್ಕೆ ನಂಜೇರಿ, ಅಕ್ಟೋಬರ್ 3ರಂದು ತೀರಿಕೊಂಡರು. ಆಗ ವಯಸ್ಸು 49.

ಒಂದು ಚೂರಿಗೆ ಮುರಿದುಹೋಗುವಷ್ಟು ಮೆದು ಮನುಷ್ಯನ ಬಾಳು. ಅವರು ಒಡೆಯದೆಂದು ಕಂಡ ಸಂಖ್ಯೆಯಾದರೋ 1951ರವರೆಗೆ ತಿಳಿದ ಅವಿಭಾಜ್ಯಗಳಲ್ಲೆಲ್ಲ ಹಿರಿದಾಗಿ ಮೆರೆಯಿತು. 1930ರಲ್ಲಿ ಲೆಹ್ಮರ್ ಅವರ ಪರೀಕ್ಷೆಯನ್ನು ಇನ್ನಷ್ಟು ಹಸನುಗೊಳಿಸಿದರು. 2024ರಲ್ಲಿ 41024320 ಅಂಕಿಗಳ ಅವಿಭಾಜ್ಯವೊಂದು ದೊರೆತಾಗ ಅದನ್ನು ದೃಢಪಡಿಸಿದ್ದು, ವರ್ಗ ಮಾಡಿ ಎರಡು ಕಳೆಯುವ ಆ ಮೇಷ್ಟರ ಲೆಕ್ಕವೇ.